ನಾಯಿ-ಬೆಕ್ಕಿನ ಸಾಮಾನಿನ ಅಂಗಡಿ ಇಡಬೇಕಾ? ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

"ಪೆಟ್ ಶಾಪ್ ಹಾಕಬೇಕು ಅಂತಿದ್ದೀನಿ, ಎಷ್ಟು ಬಂಡವಾಳ ಬೇಕು?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಬೆಂಗಳೂರಿನವರಿಗಿಂತ ತುಮಕೂರು, ಹಾಸನ, ದಾವಣಗೆರೆ, ಶಿವಮೊಗ್ಗ ಕಡೆಯವರೇ ಜಾಸ್ತಿ. ಎಲ್ಲರಿಗೂ ಒಂದೊಂದಾಗಿ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬಂಡವಾಳ ಎಷ್ಟು ಅನ್ನುವುದು ಆಮೇಲಿನ ಮಾತು. ಈ ವ್ಯಾಪಾರದಲ್ಲಿ ದುಡ್ಡು ಎಲ್ಲಿ ಉಳಿಯುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ಆಹಾರದ ಚೀಲ ಗಿರಾಕಿಯನ್ನು ಅಂಗಡಿಗೆ ಕರೆತರುತ್ತದೆ. ಬಾಡಿಗೆ ಕಟ್ಟುವುದು ಸ್ನಾನ, ಕಟಿಂಗ್, ಉಗುರು ತೆಗೆಯುವ ಕೆಲಸ. ಇದು ತಲೆಯಲ್ಲಿ ಕೂತರೆ ಕೆಳಗಿನದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

1. ಪೆನ್ನು ಹಿಡಿದು ಲೆಕ್ಕ ಹಾಕಿ

ಸುಮಾರು 30 ಕೆಜಿ ತೂಗುವ ಲ್ಯಾಬ್ರಡಾರ್ ನಾಯಿ ದಿನಕ್ಕೆ ಹೆಚ್ಚುಕಡಿಮೆ 300ರಿಂದ 350 ಗ್ರಾಂ ಒಣ ಆಹಾರ ತಿನ್ನುತ್ತದೆ. ಅಂದರೆ ತಿಂಗಳಿಗೆ 10 ಕೆಜಿಯ ಒಂದು ಚೀಲ. ಆ ಚೀಲ 2,000 ರೂಪಾಯಿಗೆ ಹೋಗಿ, ಅದರಲ್ಲಿ ನಿಮಗೆ ನೂರಕ್ಕೆ 12 ಉಳಿಯಿತು ಅಂತಿಟ್ಟುಕೊಳ್ಳಿ. ಕೈಗೆ ಬರುವುದು 240 ರೂಪಾಯಿ.

ಈಗ ಖರ್ಚು ನೋಡಿ. ಬಾಡಿಗೆ 15,000, ಒಬ್ಬ ಹುಡುಗನ ಸಂಬಳ 12,000, ಕರೆಂಟು-ನೀರು 3,000. ಒಟ್ಟು 30,000. ಬರೀ ಆಹಾರ ಮಾರಿ ಇದನ್ನು ತುಂಬಬೇಕಾದರೆ ತಿಂಗಳಿಗೆ 125 ಚೀಲ ಹೋಗಬೇಕು. ಅದೂ ನಿಮ್ಮ ಮನೆಗೆ ಒಂದು ರೂಪಾಯಿ ಒಯ್ಯದೆ!

ನಮ್ಮ ಊರುಗಳಲ್ಲಿ ಬಹಳಷ್ಟು ಮನೆಗಳ ನಾಯಿ ಈಗಲೂ ಮುದ್ದೆ, ಅನ್ನ-ಕೋಳಿ, ಮೊಸರನ್ನ ತಿಂದುಕೊಂಡಿದೆ. ಅಂಥ ಮನೆಯವರು ತಿಂಗಳಿಗೆ ಒಂದು ಸಣ್ಣ ಪ್ಯಾಕೆಟ್ ಒಯ್ದರೆ ಹೆಚ್ಚು. ಹಾಗಾಗಿ 125 ಚೀಲ ಹೋಗಲು 125 ಗಿರಾಕಿಗಳು ಸಾಕಾಗುವುದಿಲ್ಲ.

ಅದೇ ಒಂದು ಪೂರ್ತಿ ಗ್ರೂಮಿಂಗಿಗೆ 800 ರೂಪಾಯಿ ತೆಗೆದುಕೊಂಡು, ಶಾಂಪೂ-ನೀರು-ಕರೆಂಟಿಗೆ 150 ಕಳೆದರೆ 650 ಉಳಿಯುತ್ತದೆ. 46 ನಾಯಿಗಳಿಗೆ ಹೆಚ್ಚುಕಡಿಮೆ ಅದೇ 30,000 ಹುಟ್ಟಿತು. (ಗ್ರೂಮಿಂಗ್ ಅಂದರೆ ಸ್ನಾನ ಮಾಡಿಸಿ, ಒಣಗಿಸಿ, ಕೂದಲು ಬಾಚಿ-ಕತ್ತರಿಸಿ, ಉಗುರು ತೆಗೆದು, ಕಿವಿ ಒರೆಸುವ ಅಷ್ಟೂ ಕೆಲಸ.)

ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬಾಡಿಗೆ, ನಿಮ್ಮ ಡಿಸ್ಟ್ರಿಬ್ಯೂಟರ್ ಕೊಡುವ ಮಾರ್ಜಿನ್, ಪಕ್ಕದ ಊರಿನ ಗ್ರೂಮಿಂಗ್ ದರ ಹಾಕಿ ಮತ್ತೆ ಲೆಕ್ಕ ಮಾಡಿ. ಉತ್ತರ ನೋಡಿ ಎದೆ ಧಸಕ್ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಇಷ್ಟರವರೆಗೆ ಖರ್ಚಾಗಿದ್ದು ಒಂದು ಹಾಳೆ ಅಷ್ಟೇ.

2. ಮರಿ ಮಾರುವ ಯೋಚನೆ ಇದ್ದರೆ ಈಗಲೇ ಕೈಬಿಡಿ

"ಒಂದು ಮರಿ ಮಾರಿದರೆ ಹತ್ತು ಸಾವಿರ ಉಳಿಯುತ್ತೆ" ಅಂತ ಯಾರಾದರೂ ಕಿವಿಯಲ್ಲಿ ಊದಿಯೇ ಊದುತ್ತಾರೆ. ಪ್ರಾಣಿ ಮಾರುವ ಅಂಗಡಿಗೆ 2018ರ ಪೆಟ್ ಶಾಪ್ ನಿಯಮಗಳು ಅನ್ವಯಿಸುತ್ತವೆ. ಇವು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬಂದ ನಿಯಮಗಳು. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ 5,000 ರೂಪಾಯಿ ಕಟ್ಟಿ ನೋಂದಣಿ ಮಾಡಿಸಬೇಕು, ಅದು 5 ವರ್ಷ ನಡೆಯುತ್ತದೆ. 8 ವಾರ ತುಂಬದ ನಾಯಿಮರಿ, ಬೆಕ್ಕಿನ ಮರಿ ಮಾರುವಂತಿಲ್ಲ. ಪ್ರಾಣಿ ಎಲ್ಲಿಂದ ಬಂತು, ಯಾರಿಗೆ ಹೋಯಿತು ಅನ್ನುವ ದಾಖಲೆ ಇಡಬೇಕು. ನೀವೇ ಮರಿ ಹಾಕಿಸಿ ಮಾರುವುದಾದರೆ 2017ರ ನಾಯಿ ತಳಿ ನಿಯಮಗಳು ಬೇರೆ ಇವೆ.

ಕಾಯ್ದೆ ಒಂದು ಕಡೆ ಇರಲಿ. ಅಂಗಡಿಯಲ್ಲಿ ಒಂದು ಮರಿಗೆ ಪಾರ್ವೊ ಬಂದರೆ ಏನಾಗುತ್ತದೆ ಯೋಚಿಸಿ. (ಪಾರ್ವೊ ಅಂದರೆ ಮರಿಗಳಿಗೆ ರಕ್ತಭೇದಿ ತರುವ ವೈರಸ್.) ಅದು ನೆಲದಲ್ಲಿ, ಬುಟ್ಟಿಯಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಗ್ರೂಮಿಂಗಿಗೆ ಬರುವ ಬೇರೆಯವರ ಮರಿಗೂ ಅಂಟುತ್ತದೆ. ಸಣ್ಣ ಊರಿನಲ್ಲಿ "ಆ ಅಂಗಡಿಗೆ ಹೋದ ಮೇಲೆ ನಮ್ಮ ನಾಯಿ ಸತ್ತಿತು" ಅನ್ನುವ ಒಂದು ಮಾತು ಸಾಕು.

ಗಿಳಿ ಕೇಳಿಕೊಂಡು ಬರುವವರೂ ಇದ್ದಾರೆ. ನಮ್ಮ ಹಸಿರು ಗಿಳಿ, ಮುನಿಯ ಹಕ್ಕಿ, ನಕ್ಷತ್ರ ಆಮೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಮಾರುವುದೂ ಅಪರಾಧ, ಸಾಕುವುದೂ ಅಪರಾಧ. "ನಾನು ಮಾರಲ್ಲ, ಯಾರ ಹತ್ತಿರ ಸಿಗುತ್ತೆ ಅಂತ ನಂಬರ್ ಕೊಡ್ತೀನಿ ಅಷ್ಟೇ" ಅನ್ನುವ ಕೆಲಸವೂ ಬೇಡ.

ಬರೀ ಸಾಮಾನು ಮಾರುವ, ಗ್ರೂಮಿಂಗ್ ಮಾಡುವ ಅಂಗಡಿಗೆ ಈ ಪೆಟ್ ಶಾಪ್ ನೋಂದಣಿಯ ತಲೆನೋವಿಲ್ಲ. ಈ ಲೇಖನದ ಉಳಿದ ಭಾಗವೆಲ್ಲ ಅಂಥ ಅಂಗಡಿಯ ಬಗ್ಗೆಯೇ.

3. ಜಾಗ ನೋಡುವಾಗ

ಮುಖ್ಯ ರಸ್ತೆಯೇ ಬೇಕು ಅನ್ನುವ ಹಟ ಬೇಡ. ಪಶು ವೈದ್ಯರ ಕ್ಲಿನಿಕ್ಕಿಗೆ ಹತ್ತಿರ ಇದ್ದು, ಎದುರಿಗೆ ಕಾರು-ಸ್ಕೂಟರ್ ನಿಲ್ಲಿಸಲು ಜಾಗ ಇರುವ ಅಡ್ಡರಸ್ತೆ ಒಳ್ಳೆಯದು. ದೊಡ್ಡ ನಾಯಿಯನ್ನು ಜನಸಂದಣಿಯಲ್ಲಿ ಎಳೆದುಕೊಂಡು ಬರಲು ಯಾರಿಗೂ ಇಷ್ಟವಿಲ್ಲ. ಅಂಗಡಿ ನೆಲಮಹಡಿಯಲ್ಲೇ ಇರಲಿ.

ಸಹಿ ಹಾಕುವ ಮುಂಚೆ ಮಾಲೀಕರ ಹತ್ತಿರ ನಾಲ್ಕು ವಿಷಯ ಕೇಳಿ:

- ಕರೆಂಟು ಮೀಟರ್ ವಾಣಿಜ್ಯ ಬಳಕೆಯದ್ದಾ? ನಮ್ಮಲ್ಲಿ ಇದನ್ನು ಎಲ್‌ಟಿ-3 ಅನ್ನುತ್ತಾರೆ. ಮನೆ ಮೀಟರಿನಲ್ಲಿ ಅಂಗಡಿ ನಡೆಸಿದರೆ ದಂಡ ಬೀಳುತ್ತದೆ.
- ಮಂಜೂರಾದ ಲೋಡ್ ಎಷ್ಟು? ಗೀಸರ್ 2 ಕಿಲೋವ್ಯಾಟ್, ಬ್ಲೋವರ್ (ನಾಯಿ ಒಣಗಿಸುವ ಯಂತ್ರ) ಇನ್ನೊಂದು 2 ಕಿಲೋವ್ಯಾಟ್ ಎಳೆಯುತ್ತದೆ. 1 ಕಿಲೋವ್ಯಾಟ್ ಇರುವ ಮಳಿಗೆಯಲ್ಲಿ ಫ್ಯೂಸ್ ಹಾರುತ್ತಲೇ ಇರುತ್ತದೆ.
- ನೀರು ದಿನಾ ಬರುತ್ತದಾ, ಬೋರ್ ಇದೆಯಾ, ಸಂಪ್ ಇದೆಯಾ?
- ಸ್ನಾನದ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿ ಬಾಯಿಗೆ ಕೂದಲು ತಡೆಯುವ ಜಾಲರಿ ಹಾಕಿಸಲೇಬೇಕು. ಇಲ್ಲದಿದ್ದರೆ ಕಟ್ಟಡದ ಪೈಪು ಕಟ್ಟಿಕೊಂಡು ಜಗಳ ಶುರುವಾಗುತ್ತದೆ.

"ಇಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುತ್ತೇವೆ" ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಬಾಯಿಮಾತಿಗೆ ಮಾಲೀಕರು ಒಪ್ಪಿರುತ್ತಾರೆ. ಮೂರನೇ ತಿಂಗಳು ಮೇಲಿನ ಮನೆಯವರು ಬೊಗಳುವ ಸದ್ದಿನ ಬಗ್ಗೆ ದೂರು ಕೊಟ್ಟಾಗ ಆ ಒಪ್ಪಿಗೆ ಅವರಿಗೆ ನೆನಪಿರುವುದಿಲ್ಲ. ಅಷ್ಟರಲ್ಲಿ ನೀವು ಟೈಲ್ಸ್, ತೊಟ್ಟಿ, ಪೈಪು ಎಲ್ಲ ಹಾಕಿಸಿರುತ್ತೀರಿ.

4. ಕಾಗದಪತ್ರ

ಟ್ರೇಡ್ ಲೈಸೆನ್ಸ್, ಅಂದರೆ ಆ ಜಾಗದಲ್ಲಿ ವ್ಯಾಪಾರ ಮಾಡಲು ಸ್ಥಳೀಯ ಸಂಸ್ಥೆ ಕೊಡುವ ಪರವಾನಗಿ. ಪಾಲಿಕೆ, ನಗರಸಭೆ, ಪುರಸಭೆ, ನಿಮ್ಮ ಊರಿಗೆ ಯಾವುದೋ ಅಲ್ಲಿ ಪಡೆಯಬೇಕು. ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ ಬೇರೆ. ಅದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ. ಉದ್ಯಮ್ ನೋಂದಣಿ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಗುರುತು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ, ಮಧ್ಯವರ್ತಿಯದ್ದು.

ಬೋರ್ಡ್ ಬರೆಸುವಾಗ ಕನ್ನಡ ಶೇ. 60 ಇರಬೇಕು, ಮೇಲ್ಭಾಗದಲ್ಲಿರಬೇಕು. 2024ರ ತಿದ್ದುಪಡಿಯ ನಿಯಮ ಇದು. ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಸಿ, ಆಮೇಲೆ ಮತ್ತೆ ಬರೆಸುವ ಖರ್ಚು ಬೇಡ.

ಜಿಎಸ್‌ಟಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಮಿತಿ ಬರೀ ಸರಕು ಮಾರುವವರಿಗೆ. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ನೀವು ಆಹಾರದ ಜೊತೆ ಗ್ರೂಮಿಂಗ್ ಶುರು ಮಾಡಿದ ದಿನ, "ಬರೀ ಸರಕು ಮಾರುವವರು" ಅನ್ನುವ ಗುಂಪಿನಿಂದ ಹೊರಗೆ ಬರುತ್ತೀರಿ. ಎರಡೂ ಸೇರಿದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಇಲ್ಲಿ ನೋಡುವುದು ವಹಿವಾಟು, ಲಾಭ ಎಷ್ಟು ಅಂತ ಯಾರೂ ಕೇಳುವುದಿಲ್ಲ. ತಿಂಗಳಿಗೆ 1 ಲಕ್ಷ 70 ಸಾವಿರದ ವಹಿವಾಟಾದರೆ ವರ್ಷಕ್ಕೆ 20 ಲಕ್ಷ ದಾಟಿತು. ಆಹಾರ ಮಾರುವ ಅಂಗಡಿಗೆ ಇದೇನು ದೊಡ್ಡ ಮೊತ್ತ ಅಲ್ಲ ಅಲ್ವಾ?

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ತೆರಿಗೆ ಇಲಾಖೆಯ ನೋಟಿಸ್ ಬಂದಿದ್ದು ನೆನಪಿರಬಹುದು. ಮನೆಯ ವ್ಯವಹಾರ, ಚೀಟಿ ದುಡ್ಡು, ಅಂಗಡಿಯ ದುಡ್ಡು ಎಲ್ಲ ಒಂದೇ ಖಾತೆಗೆ ಬೀಳಲು ಬಿಡಬೇಡಿ. ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆದು ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ. ಕಾಂಪೊಸಿಷನ್ ಯೋಜನೆ (ವಹಿವಾಟಿನ ಮೇಲೆ ಸಣ್ಣ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಒಳ್ಳೆಯದೇ, ಆದರೆ ಅದರಲ್ಲಿ ಸೇವೆಯ ಪಾಲಿಗೆ ಮಿತಿ ಇದೆ. ಗ್ರೂಮಿಂಗ್ ಹೆಚ್ಚಾಗುವ ಲಕ್ಷಣ ಇದ್ದರೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಬೇಕಾ ಅಂತ ಕೇಳುತ್ತಿರುತ್ತಾರೆ. ಅದು ಮನುಷ್ಯರು ತಿನ್ನುವ ಆಹಾರಕ್ಕೆ. ನಾಯಿ-ಬೆಕ್ಕಿನ ಆಹಾರ ಮಾರಲು ಬೇಡ.

ಸಾಲ ಬೇಕಾದರೆ ಮುದ್ರಾ ಯೋಜನೆ ನೋಡಿ. ಶಿಶು ವರ್ಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ಒಂದನೇ ಹಂತದಲ್ಲಿ ಬರೆದ ಹಾಳೆಯನ್ನು ಬ್ಯಾಂಕಿಗೂ ಒಯ್ಯಿರಿ.

5. ಸರಕು ತುಂಬಿಸುವುದು

ಮೊದಲ ತಿಂಗಳು ಕಪಾಟು ತುಂಬಿ ಕಾಣಬೇಕು ಅನ್ನುವ ಆಸೆಗೇ ಬಹಳ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಪೆಡಿಗ್ರಿ, ಡ್ರೂಲ್ಸ್, ವಿಸ್ಕಾಸ್, ರಾಯಲ್ ಕ್ಯಾನಿನ್, ಹಿಮಾಲಯ, ಹೀಗೆ ಎಲ್ಲ ಕಂಪನಿಯ ಎಲ್ಲ ಗಾತ್ರವೂ ನಿಮಗೆ ಬೇಡ. ಮೊದಲು ಊರಿನ ಪಶು ವೈದ್ಯರನ್ನು ಹೋಗಿ ಮಾತಾಡಿಸಿ. ಅವರು ಗಿರಾಕಿಗಳಿಗೆ ಯಾವ ಆಹಾರ ಹೇಳುತ್ತಾರೆ, ಊರಲ್ಲಿ ಯಾವ ತಳಿ ಜಾಸ್ತಿ, ಬೆಕ್ಕು ಸಾಕುವವರು ಎಷ್ಟಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಅದರ ಪ್ರಕಾರ ತರಿಸಿ. ಉಳಿದಿದ್ದನ್ನು "ನಾಳೆ ತರಿಸಿ ಕೊಡ್ತೀನಿ" ಅಂತ ಹೇಳಿ ಬರೆದಿಟ್ಟುಕೊಳ್ಳಿ.

ಡಿಸ್ಟ್ರಿಬ್ಯೂಟರ್ ಹತ್ತಿರ ಮಾರ್ಜಿನ್ ಕೇಳುವುದರ ಜೊತೆಗೆ ಅವಧಿ ಮುಗಿದ ಮಾಲು, ಇಲಿ ಕಡಿದ ಚೀಲ ವಾಪಸ್ ತೆಗೆದುಕೊಳ್ಳುತ್ತೀರಾ ಅಂತಲೂ ಕೇಳಿ. ಎಷ್ಟು ತಿಂಗಳ ಅವಧಿ ಉಳಿದಿರುವ ಮಾಲು ಕಳಿಸುತ್ತೀರಿ ಅನ್ನುವುದನ್ನೂ ಕೇಳಿ. ಹತ್ತು ಚೀಲಕ್ಕೆ ಒಂದು ಫ್ರೀ ಅನ್ನುವ ಸ್ಕೀಮಿನ ಹಿಂದೆ ಕೆಲವೊಮ್ಮೆ ಎರಡು ತಿಂಗಳಲ್ಲಿ ಅವಧಿ ಮುಗಿಯುವ ಮಾಲು ಇರುತ್ತದೆ. ಲಾರಿಯಿಂದ ಇಳಿಸುವಾಗಲೇ ಪ್ರತಿ ಚೀಲದ ದಿನಾಂಕ ನೋಡಿ.

ಲೂಸ್ ಮಾರಾಟದಲ್ಲಿ ಒಂದು ಸೂಕ್ಷ್ಮ ಇದೆ. ಗಿರಾಕಿಯ ಎದುರಿಗೇ ದೊಡ್ಡ ಚೀಲದಿಂದ ತೂಗಿ ಕೊಡುವುದು ಬೇರೆ. ಮೊದಲೇ ಒಂದೊಂದು ಕೆಜಿ ಕವರ್ ಮಾಡಿ ಕಪಾಟಿನಲ್ಲಿ ಜೋಡಿಸುವುದು ಬೇರೆ. ಹಾಗೆ ಪ್ಯಾಕ್ ಮಾಡಿದ ಕೂಡಲೇ ಕಾನೂನು ಮಾಪನ ಇಲಾಖೆಯ (ತೂಕ-ಅಳತೆ ನೋಡುವ ಇಲಾಖೆ) ಕಣ್ಣಿನಲ್ಲಿ ನೀವು ಪ್ಯಾಕ್ ಮಾಡುವವರು. ಲೇಬಲ್, ದಿನಾಂಕ, ಬೆಲೆ, ನೋಂದಣಿ ಎಲ್ಲ ಬೇಕಾಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೂ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ತೆರೆದ ಚೀಲವನ್ನು ಬಿಗಿ ಮುಚ್ಚಳದ ಡ್ರಮ್ಮಿನೊಳಗೆ ಚೀಲದ ಸಮೇತ ಇಡಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಮಳೆಗಾಲದಲ್ಲಿ ತೆರೆದಿಟ್ಟರೆ ಬೇಗ ಬೂಸ್ಟು ಹಿಡಿಯುತ್ತದೆ, ಕೊಬ್ಬು ಮುಗ್ಗುತ್ತದೆ. ಲೂಸ್ ಆಹಾರ ಕೇಳುವವರು ಹೆಚ್ಚಿಲ್ಲದಿದ್ದರೆ ಲೂಸ್ ಮಾರಾಟ ಶುರು ಮಾಡದಿರುವುದೇ ಕ್ಷೇಮ.

ಬೆಲ್ಟು, ಚೈನು, ಬಟ್ಟಲು, ಬಾಚಣಿಗೆ, ಬೆಕ್ಕಿನ ಲಿಟರ್ (ಬೆಕ್ಕು ಮಲಮೂತ್ರ ಮಾಡುವ ಮರಳು) ಇವುಗಳಲ್ಲಿ ಆಹಾರಕ್ಕಿಂತ ಮಾರ್ಜಿನ್ ಚೆನ್ನಾಗಿದೆ, ಹಾಳಾಗುವುದೂ ಇಲ್ಲ. ಆಟದ ಸಾಮಾನು ಮಾತ್ರ ಸ್ವಲ್ಪ ಇಟ್ಟು ನೋಡಿ.

ಔಷಧ ಮುಟ್ಟಬೇಡಿ. ಆಂಟಿಬಯೋಟಿಕ್, ಜಂತುಹುಳದ ಮಾತ್ರೆ, ಲಸಿಕೆ, ಇವನ್ನೆಲ್ಲ ಮಾರಲು ಔಷಧ ಪರವಾನಗಿ ಬೇಕು, ನೋಂದಾಯಿತ ಫಾರ್ಮಸಿಸ್ಟ್ ಬೇಕು. ಗಿರಾಕಿ "ನಾಯಿಗೆ ಜ್ವರ, ಏನಾದ್ರೂ ಕೊಡಿ" ಅಂದರೆ ವೈದ್ಯರ ನಂಬರ್ ಕೊಡಿ. ಇನ್ನೊಂದು ಮಾತು. ನಾಯಿಯ ಉಣ್ಣಿಗೆ (ರಕ್ತ ಹೀರುವ ಹುಳ) ಹಾಕುವ, ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ಸಾಮಾನು ಬೆಕ್ಕಿಗೆ ವಿಷ. ನಾಯಿ, ಬೆಕ್ಕು ಎರಡೂ ಇರುವ ಮನೆಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಬೆಕ್ಕಿನ ಸಾಮಾನು ಬೇರೆ ಕಪಾಟಿನಲ್ಲಿರಲಿ.

ಆನ್‌ಲೈನ್ ಬೆಲೆಯ ಜೊತೆ ಪೈಪೋಟಿಗೆ ಇಳಿದರೆ ಸೋಲುತ್ತೀರಿ. ರಾತ್ರಿ ಎಂಟಕ್ಕೆ ಆಹಾರ ಖಾಲಿಯಾಯಿತು ಅಂತ ಫೋನ್ ಬಂದಾಗ ಅರ್ಧ ಗಂಟೆಯಲ್ಲಿ ಮನೆಗೆ ಮುಟ್ಟಿಸುವುದು ನಿಮ್ಮ ಕೈಲಾಗುವ ಕೆಲಸ. ಯಾರ ಮನೆಯ ಚೀಲ ಯಾವಾಗ ಮುಗಿಯುತ್ತದೆ ಅಂತ ಬರೆದಿಟ್ಟುಕೊಂಡು ಎರಡು ದಿನ ಮುಂಚೆ ವಾಟ್ಸಾಪ್ ಮಾಡಿ. ಉದ್ರಿ ಮಾತ್ರ ಬೇಡ.

6. ಗ್ರೂಮಿಂಗ್: ದುಡ್ಡೂ ಇಲ್ಲೇ, ಅಪಾಯವೂ ಇಲ್ಲೇ

ಯಂತ್ರ ಕೊಂಡ ಮಾತ್ರಕ್ಕೆ ಕೆಲಸ ಬರುವುದಿಲ್ಲ. ತರಬೇತಿಗೆ ಸೇರುವಾಗ ಸರ್ಟಿಫಿಕೇಟ್ ಬಗ್ಗೆ ಕೇಳಬೇಡಿ. ಎಷ್ಟು ನಾಯಿಗಳಿಗೆ ನನ್ನ ಕೈಯಲ್ಲೇ ಕೆಲಸ ಮಾಡಿಸುತ್ತೀರಿ ಅಂತ ಕೇಳಿ. ಬೊಂಬೆಯ ಮೇಲೆ ಕಲಿತವರ ಕೈ ನಿಜವಾದ ಶಿಟ್ಜು (ಉದ್ದ ಕೂದಲಿನ ಪುಟ್ಟ ನಾಯಿ) ಒದರಾಡಿದಾಗ ನಡುಗುತ್ತದೆ.

ನಾಯಿ ಒಳಗೆ ಬರುವ ಮುಂಚೆ ಮೂರು ಕೆಲಸ ಆಗಬೇಕು. ಲಸಿಕೆ ಪುಸ್ತಕ ನೋಡಿ, ರೇಬಿಸ್ ಲಸಿಕೆ ಆಗಿದೆಯಾ ಪರೀಕ್ಷಿಸಿ. ಮೈಮೇಲೆ ಕೈಯಾಡಿಸಿ ಗಾಯ, ಗಡ್ಡೆ, ಉಣ್ಣಿ, ಗಂಟು ಕಟ್ಟಿದ ಕೂದಲು ಇದ್ದರೆ ಮಾಲೀಕರಿಗೆ ತೋರಿಸಿ. ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ವಯಸ್ಸು, ಕಾಯಿಲೆ, ಕಚ್ಚುವ ಅಭ್ಯಾಸ, ಅವರ ವೈದ್ಯರ ನಂಬರ್ ಅದರಲ್ಲಿರಲಿ. ಮನೆಗೆ ಹೋದ ಮೇಲೆ "ಈ ಗಾಯ ನೀವೇ ಮಾಡಿದ್ದು" ಅನ್ನುವ ಜಗಳಕ್ಕೆ ಮೊದಲೇ ತೆಗೆದ ಒಂದು ಫೋಟೋ ಉತ್ತರ ಕೊಡುತ್ತದೆ.

ಕೆಲಸದಲ್ಲಿ ಹೊಸಬರು ತಪ್ಪುವ ಕಡೆಗಳು ಇವು:

ಶಾಂಪೂ ನಾಯಿಯದ್ದೇ ಆಗಿರಲಿ. ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ. ನಮ್ಮ ಶಾಂಪೂ ಹಾಕುತ್ತಿದ್ದರೆ ಒಣಗಿ ಕೆರೆತ ಬರುತ್ತದೆ.

ಗಂಟು ಕಟ್ಟಿದ ಕೂದಲನ್ನು ಒದ್ದೆ ಮಾಡುವ ಮುಂಚೆಯೇ ಬಿಡಿಸಿ. ನೀರು ಬಿದ್ದರೆ ಇನ್ನಷ್ಟು ಬಿಗಿಯಾಗುತ್ತದೆ. ಕತ್ತರಿ ಹಾಕಿ ಗಂಟು ತೆಗೆಯಲು ಹೋದರೆ ಚರ್ಮವೂ ಸೇರಿ ಬರಬಹುದು. ಪೂರ್ತಿ ಗಂಟಾಗಿದ್ದರೆ ಕ್ಲಿಪ್ಪರಿನಲ್ಲಿ (ಕೂದಲು ಕತ್ತರಿಸುವ ಯಂತ್ರ) ಸಣ್ಣಗೆ ತೆಗೆಯುವುದೇ ದಾರಿ, ಅದನ್ನು ಮಾಲೀಕರಿಗೆ ಮೊದಲೇ ಹೇಳಿ. ಕ್ಲಿಪ್ಪರ್ ಬ್ಲೇಡ್ ಬಿಸಿಯಾಗುತ್ತದೆ. ಆಗಾಗ ನಿಮ್ಮ ಮುಂಗೈಗೆ ತಾಗಿಸಿ ನೋಡಿ.

"ಬೇಸಿಗೆ, ಪೂರ್ತಿ ಬೋಳಿಸಿಬಿಡಿ" ಅಂತ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಹಸ್ಕಿ, ಪಾಮೇರಿಯನ್ ತರುವವರು ಇದ್ದೇ ಇರುತ್ತಾರೆ. ಇವಕ್ಕೆ ಎರಡು ಪದರದ ಕೂದಲು. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ, ಕೂದಲು ಮತ್ತೆ ಸರಿಯಾಗಿ ಬಾರದೆಯೂ ಇರಬಹುದು. ಒಳಪದರದ ಸತ್ತ ಕೂದಲನ್ನು ಬಾಚಿ ತೆಗೆಯಿರಿ, ಅದಕ್ಕೇ ದುಡ್ಡು ತೆಗೆದುಕೊಳ್ಳಿ. ಮುಧೋಳ ನಾಯಿಗೆ ಇದ್ಯಾವುದೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೊಳೆಯುತ್ತದೆ.

ಉಗುರಿನೊಳಗೆ ರಕ್ತನಾಳ ಇದೆ. ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲ. ಸ್ವಲ್ಪ ಸ್ವಲ್ಪವೇ ತೆಗೆಯಿರಿ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಕೈಗೆ ಸಿಗುವಂತಿರಲಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಒಣಗಿಸುವಾಗ. ನಾಯಿಯನ್ನು ಗೂಡಿನಲ್ಲಿ ಕೂರಿಸಿ ಬಿಸಿಗಾಳಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಂಪಾಗಬೇಕು. ಪಗ್, ಶಿಟ್ಜು, ಬಾಕ್ಸರ್ ಥರದ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿ, ನಾಲಿಗೆ ಕಡುಕೆಂಪಾಗಿ, ಕಾಲು ತಡವರಿಸಿದರೆ ಕೆಲಸ ನಿಲ್ಲಿಸಿ. ಸಾಮಾನ್ಯ ನೀರು ಸುರಿಯುತ್ತಾ ಫ್ಯಾನ್ ಹಾಕಿ, ಕೂಡಲೇ ವೈದ್ಯರ ಹತ್ತಿರ ಒಯ್ಯಿರಿ. ಒಬ್ಬರೇ ಇದ್ದ ದಿನ ದೊಡ್ಡ ನಾಯಿಯ ಕೆಲಸ ಒಪ್ಪಿಕೊಳ್ಳಬೇಡಿ.

ಪ್ರತಿ ನಾಯಿಯ ನಂತರ ಮೇಜು, ತೊಟ್ಟಿ, ಬಾಚಣಿಗೆ ತೊಳೆಯಿರಿ. ಮನೆಬಳಕೆಯ ಬ್ಲೀಚ್ ದ್ರಾವಣ 1 ಭಾಗಕ್ಕೆ 30 ಭಾಗ ನೀರು ಹಾಕಿ, 10 ನಿಮಿಷ ಬಿಟ್ಟು ತೊಳೆದರೆ ಪಾರ್ವೊ ಸಹ ಸಾಯುತ್ತದೆ. ಫಿನಾಯಿಲ್ ಬೇಡ, ಅದು ಬೆಕ್ಕಿಗೆ ವಿಷ.

ನಿಮಗೂ ಕೆಲಸದ ಹುಡುಗರಿಗೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿ. ಮೂರು ಡೋಸ್. ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. "ಲಸಿಕೆ ಆಗಿರೋ ನಾಯಿ ಬಿಡಿ" ಅಂತ ಸುಮ್ನೆ ಕೂರಬೇಡಿ.

7. ಬೋರ್ಡಿಂಗ್ ಸದ್ಯಕ್ಕೆ ಬೇಡ

ಊರಿಗೆ ಹೋಗುವವರು ನಾಯಿಯನ್ನು ನಿಮ್ಮ ಹತ್ತಿರ ಬಿಟ್ಟುಹೋಗುವುದಕ್ಕೆ ಬೋರ್ಡಿಂಗ್ ಅನ್ನುತ್ತಾರೆ. ದಸರಾ, ದೀಪಾವಳಿ, ಬೇಸಿಗೆ ರಜೆಯಲ್ಲಿ ಬೇಡಿಕೆ ಮುಗಿಲು ಮುಟ್ಟುತ್ತದೆ. ಆದರೆ ರಾತ್ರಿ ಅಲ್ಲೇ ಮಲಗುವ ಒಬ್ಬರು ಬೇಕು, ಒಂದೊಂದು ನಾಯಿಗೂ ಪ್ರತ್ಯೇಕ ಕೋಣೆ ಬೇಕು, ಎರಡು ಬಾಗಿಲು ಬೇಕು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ದೀಪಾವಳಿ ಪಟಾಕಿಗೆ ಬೆದರಿದ ನಾಯಿ ಸಿಕ್ಕ ಸಂದಿನಲ್ಲಿ ಓಡುತ್ತದೆ, ಬೇರೆಯವರ ನಾಯಿ ತಪ್ಪಿಸಿಕೊಂಡರೆ ಅದಕ್ಕೆ ಪರಿಹಾರವೇ ಇಲ್ಲ. ಗ್ರೂಮಿಂಗ್ ಒಂದು ವರ್ಷ ಸರಾಗವಾಗಿ ನಡೆದ ಮೇಲೆ, ಬೇರೆ ಜಾಗದಲ್ಲಿ, ನಿಮಗೆ ಈಗಾಗಲೇ ಪರಿಚಯವಿರುವ ನಾಯಿಗಳಿಂದ ಶುರು ಮಾಡಬಹುದು.

8. ಯಾವಾಗ ಬಾಗಿಲು ತೆರೆಯಬೇಕು

ಟ್ರೇಡ್ ಲೈಸೆನ್ಸ್ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದಲ್ಲಿ ನಡೆಯುತ್ತದೆ. ಫೆಬ್ರವರಿಯಲ್ಲಿ ಮಾಡಿಸಿದರೆ ಎರಡೇ ತಿಂಗಳಲ್ಲಿ ನವೀಕರಣಕ್ಕೆ ಮತ್ತೆ ಓಡಾಡಬೇಕು. ಬಾಡಿಗೆ, ಪೈಪು, ಮೀಟರ್ ಕೆಲಸ ಫೆಬ್ರವರಿ-ಮಾರ್ಚಿನಲ್ಲಿ ಮುಗಿಸಿ, ಏಪ್ರಿಲ್ ಮೊದಲ ವಾರ ಪರವಾನಗಿ ಪಡೆದು ಬಾಗಿಲು ತೆರೆಯಿರಿ. ಸ್ನಾನ-ಕಟಿಂಗಿಗೆ ಬೇಸಿಗೆಯಲ್ಲೇ ಜನ ಬರುವುದು. ಮೊದಲ ಎರಡು ವಾರ ದಿನಕ್ಕೆ ಮೂರು ನಾಯಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳಬೇಡಿ, ಫೋನ್ ಎಷ್ಟೇ ಬಂದರೂ.